ಟಪಾಲು ಪೆಟ್ಟಿಗೆಯ ತಲೆಗಂದಾಯ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲುಗಾಡಿ ಕುಂದಗೋಳವನ್ನು ದಾಟಿ, ಎರೆಹೊಲಗಳ ನಡುವೆ ಇನ್ನಷ್ಟು ದೂರ ಓಡಿತೆಂದರೆ ಸಂಶಿಯ ನಿಲ್ದಾಣ ಬರುತ್ತದೆ. ಸುತ್ತಲೂ ಕಪ್ಪು ನೆಲ. ಮುಂಗಾರಿನಲ್ಲಿ ಹತ್ತಿ, ಶೇಂಗಾ, ಮೆಣಸಿನ ಗಿಡ. ಹಿಂಗಾರಿನಲ್ಲಿ ಜೋಳ, ಕಡಲೆ. ಈ ಸೀಮೆಯ ಒಣಮೆಣಸಿನಕಾಯಿಗೆ ಹುಬ್ಬಳ್ಳಿ ಮತ್ತು ಬ್ಯಾಡಗಿಯ ಪೇಟೆಗಳು ತವರುಮನೆಗಳಿದ್ದಂತೆ. ಅಲ್ಲಿಂದ ಮುಂದೆ ಅದು ಎಲ್ಲೆಲ್ಲಿಗೆ ಹೋಗುತ್ತದೆಂಬುದು ಬೆಳೆದವನಿಗೂ ಪೂರ್ತಿಯಾಗಿ ತಿಳಿಯದು.

ಹಿಂದಿನ ಕಾಲದಲ್ಲಿ ಇಂಥ ಊರಿನ ದಲಾಲಿ ಅಂಗಡಿಯ ಪತ್ರವ್ಯವಹಾರವೆಲ್ಲ ಗೋಡೆಯ ಮೊಳೆಗೆ ತೂಗಿಬಿಟ್ಟ ಒಂದು ತಂತಿಯಲ್ಲಿ ಅಡಗಿರುತ್ತಿತ್ತು. ಬಂದ ಕಾರ್ಡು, ಪಾವತಿ, ಭಾವದ ಚೀಟಿ ಎಲ್ಲವನ್ನೂ ದಿವಾನಜಿ ಆ ತಂತಿಗೆ ಚುಚ್ಚುತ್ತಿದ್ದ. ಬೇಕಾದಾಗ ಎಣಿಸಿ ತೆಗೆಯುತ್ತಿದ್ದ. ಇಂದು ಆ ತಂತಿಯ ಸ್ಥಾನವನ್ನು ಇ-ಮೇಲ್ ಆಕ್ರಮಿಸಿಕೊಂಡಿದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಕಾನೂನಿನಂತೆ ನೋಂದಣಿ ಮಾಡಿಸಬೇಕಾದರೆ ಮೊಬೈಲ್ ಸಂಖ್ಯೆಯೊಂದಿಗೆ ಇ-ಮೇಲ್ ವಿಳಾಸವೂ ಬೇಕು. ಗುಟ್ಟಿನ ಸಂಖ್ಯೆ ಎರಡಕ್ಕೂ ಬರುತ್ತದೆ. ಬ್ಯಾಂಕಿನ ಉತಾರ, ಲಾರಿಯವರ ಬಿಲ್ಲು, ದೂರದ ಗಿರಾಕಿಯ ಬೇಡಿಕೆ, ತೆರಿಗೆಯ ನೋಟೀಸು ಎಲ್ಲವೂ ಅದೇ ದಾರಿಯಲ್ಲಿ ಬಂದಿಳಿಯುತ್ತವೆ. ತಕ್ಕಡಿಯಿಲ್ಲದೆ ಅಂಗಡಿ ಹೇಗೆ ನಡೆಯದೋ ಹಾಗೆ ಈ ಪೆಟ್ಟಿಗೆಯಿಲ್ಲದೆಯೂ ನಡೆಯದಂತಾಗಿದೆ.

ಆದರೆ ತಕ್ಕಡಿಯನ್ನು ಒಮ್ಮೆ ಕೊಂಡರೆ ಮುಗಿಯಿತು. ಟಪಾಲಿನ ಪೆಟ್ಟಿಗೆಯ ಕಥೆ ಹಾಗಲ್ಲ.

ಇಂಥದೊಂದು ಅಂಗಡಿಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಸಂಶಿಯಲ್ಲಿ ಮೂಲ ಕಚೇರಿ, ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಮಳಿಗೆ, ಬ್ಯಾಡಗಿಯಲ್ಲಿ ಒಂದು ಗೋದಾಮು; ಎಲ್ಲ ಸೇರಿ ಇಪ್ಪತ್ತು ಜನ. ಹತ್ತು ವರ್ಷಗಳ ಹಿಂದೆ ತಂದ ಒಂದು ಕಂಪ್ಯೂಟರ್ ಕಚೇರಿಯ ಮೂಲೆಯಲ್ಲಿ ಗುಂಯ್‌ಗುಡುತ್ತ ಎಲ್ಲರ ಟಪಾಲನ್ನೂ ಹೊತ್ತಿದೆ. ಅದು ಹಳತಾಯಿತು, ಬದಲಿಸಬೇಕು ಎಂದು ಕಂಪ್ಯೂಟರಿನವನು ಒಂದು ಅಂದಾಜು ಪತ್ರ ಕಳುಹಿಸಿದ್ದಾನೆ. ಸಾವುಕಾರರು ಕನ್ನಡಕ ಏರಿಸಿ ಅದನ್ನು ಓದುತ್ತಾರೆ.

“ಅಲ್ಲೋ, ಪೆಟ್ಟಿಗಿ ನಮ್ಮದು, ಮನಿ ನಮ್ಮದು, ಕರೆಂಟಿನ ಬಿಲ್ಲೂ ನಾವ ಕಟ್ಟೂದು. ಮತ್ತ ತಲಿಗೆ ಇಷ್ಟು ಅಂತ ಈ ರೊಕ್ಕ ಯಾರಿಗೆ?”

“ಪೆಟ್ಟಿಗಿ ನಮ್ಮದರೀ ಸಾವ್ಕಾರ್ರ,” ಎನ್ನುತ್ತಾನೆ ದಿವಾನಜಿ, “ಅದರೊಳಗಿನ ಬುದ್ಧಿ ಮಂದೀದು.”

ದಿವಾನಜಿಯ ಈ ಒಂದು ಮಾತಿನಲ್ಲಿ ಪರವಾನಿಗೆಯ ಶಾಸ್ತ್ರವೆಲ್ಲ ಅಡಗಿದೆ. ಕಂಪ್ಯೂಟರ್ ಕಬ್ಬಿಣದ ಸರಕು. ಅದನ್ನು ಕೊಂಡವನು ಅದಕ್ಕೆ ಒಡೆಯ. ಅದರಲ್ಲಿ ಓಡುವ ತಂತ್ರಾಂಶವನ್ನು ಮಾತ್ರ ಯಾರೂ ಮಾರುವುದಿಲ್ಲ, ಬಳಸಲು ಅಪ್ಪಣೆಯನ್ನಷ್ಟೇ ಕೊಡುತ್ತಾರೆ. ಆ ಅಪ್ಪಣೆಯೇ ಲೈಸೆನ್ಸು. ನಮ್ಮ ಕಡೆಯ ರೈತನ ಮಾತಿನಲ್ಲಿ ಹೇಳುವುದಾದರೆ ಅದು ಖರೀದಿಯ ಹೊಲವಲ್ಲ, ಲಾವಣಿಯ ಹೊಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಲಾವಣಿದಾರನಿಗೆ ಹೊಲವನ್ನು ಕೊಡಿಸಿತು. ತಂತ್ರಾಂಶದ ಲಾವಣಿದಾರನಿಗೆ ಅಂಥ ಯೋಗ ಇನ್ನೂ ಬಂದಿಲ್ಲ.

ಅಂಚೆಚೀಟಿಯ ನ್ಯಾಯ

ಟಪಾಲಿಗೆ ಹಣ ಕೊಡುವುದು ಹೊಸದೇನೂ ಅಲ್ಲ. 1854ರಲ್ಲಿ ಭಾರತದಲ್ಲೆಲ್ಲ ಒಂದೇ ಅಂಚೆ ದರ ಬಂದಿತು. ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ. ಅದು ಪಕ್ಕದ ಊರಿಗೆ ಹೋಗಲಿ, ದೇಶದ ಆ ತುದಿಗೆ ಹೋಗಲಿ, ದರ ಅದೇ. ಆ ಏರ್ಪಾಟಿನಲ್ಲಿ ಒಂದು ಸರಳವಾದ ನ್ಯಾಯವಿತ್ತು: ಬರೆದವನು ಕೊಡಬೇಕು, ಬರೆದಷ್ಟಕ್ಕೆ ಕೊಡಬೇಕು. ಪತ್ರ ಬರೆಯದ ಹಮಾಲನ ಸಲುವಾಗಿ ಸಾವುಕಾರನು ಅಂಚೆಚೀಟಿಯನ್ನು ಕೊಳ್ಳುತ್ತಿರಲಿಲ್ಲ.

ಇ-ಮೇಲಿನ ಲೆಕ್ಕ ಇದಕ್ಕೆ ತಲೆಕೆಳಗಾದುದು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶವನ್ನು ಕಳುಹಿಸಿದಂದಿನಿಂದಲೂ ಪತ್ರವೊಂದಕ್ಕೆ ಇಷ್ಟೆಂಬ ಚೀಟಿಯಿಲ್ಲ. ಹತ್ತು ಕಳುಹಿಸಿದರೂ ಒಂದೇ, ಸಾವಿರ ಕಳುಹಿಸಿದರೂ ಒಂದೇ. ಆದುದರಿಂದ ಈ ವ್ಯವಸ್ಥೆಯನ್ನು ಮಾರುವವರು ಪತ್ರಗಳನ್ನು ಬಿಟ್ಟು ತಲೆಗಳನ್ನು ಎಣಿಸತೊಡಗಿದರು. ದಿನಕ್ಕೆ ನೂರು ಪತ್ರ ಬರೆಯುವ ಗುಮಾಸ್ತನಿಗೂ, ತಿಂಗಳಿಗೊಮ್ಮೆ ರಜೆಯ ಅರ್ಜಿ ಕಳುಹಿಸುವ ಗೋದಾಮಿನ ಕಾವಲುಗಾರನಿಗೂ ಒಂದೇ ದರ. ಹಿಂದಿನ ಅರಸೊತ್ತಿಗೆಗಳ ತಲೆಗಂದಾಯವೇ ಇಂದು ಹೊಸ ಅಂಗಿ ತೊಟ್ಟು ಬಂದಿದೆ. ಇಷ್ಟನ್ನು ತಿಳಿದುಕೊಂಡವನಿಗೆ ಮುಂದಿನ ಲೆಕ್ಕ ಕಠಿಣವಲ್ಲ.

ಮೊದಲನೆಯ ದಾರಿ: ಸ್ವಂತ ಯಂತ್ರ

ಪೇಟೆಯಲ್ಲಿ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಸ್ವಂತ ಯಂತ್ರವನ್ನಿಟ್ಟುಕೊಂಡು ದೊಡ್ಡ ಕಂಪನಿಯ ತಂತ್ರಾಂಶಕ್ಕೆ ಪರವಾನಿಗೆ ಪಡೆಯುವುದು. ಇದರಲ್ಲಿ ಬಹುಕಾಲದಿಂದ ಮುಂದಿರುವುದು ಮೈಕ್ರೋಸಾಫ್ಟ್ ಕಂಪನಿ 1996ರಲ್ಲಿ ಹೊರತಂದ ಎಕ್ಸ್‌ಚೇಂಜ್.

ಈ ದಾರಿಯ ಬಿಲ್ಲು ಈರುಳ್ಳಿಯಂತೆ. ಒಂದು ಪದರ ಸುಲಿದರೆ ಒಳಗೆ ಇನ್ನೊಂದು. ಮೊದಲು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ವಿಂಡೋಸ್ ಸರ್ವರ್. 2016ರ ಆವೃತ್ತಿಯಿಂದ ಅದರ ಬೆಲೆ ಯಂತ್ರದ ಮಿದುಳಿನಲ್ಲಿರುವ ಕೋರ್‌ಗಳ ಲೆಕ್ಕದ ಮೇಲೆ ನಿಂತಿದೆ. ಯಂತ್ರದಲ್ಲಿ ಎಂಟೇ ಕೋರ್ ಇದ್ದರೂ ಕನಿಷ್ಠ ಹದಿನಾರಕ್ಕೆ ಹಣ ತೆರಬೇಕು. ಎರಡನೆಯದಾಗಿ, ಆ ಯಂತ್ರವನ್ನು ಮುಟ್ಟುವ ಪ್ರತಿಯೊಬ್ಬನಿಗೂ ಒಂದೊಂದು ಪ್ರವೇಶ ಪರವಾನಿಗೆ. ಮೂರನೆಯದಾಗಿ, ಟಪಾಲನ್ನು ಹಂಚುವ ಎಕ್ಸ್‌ಚೇಂಜ್ ಸರ್ವರಿಗೆ ಪರವಾನಿಗೆ. ನಾಲ್ಕನೆಯದಾಗಿ, ಆ ಟಪಾಲನ್ನು ನೋಡುವ ಪ್ರತಿಯೊಬ್ಬನಿಗೂ ಮತ್ತೆ ಬೇರೆಯೇ ಪ್ರವೇಶ ಪರವಾನಿಗೆ. ಜಾತ್ರೆಯ ಮೈದಾನಕ್ಕೆ ಒಂದು ಚೀಟಿ, ಒಳಗಿನ ನಾಟಕದ ಡೇರೆಗೆ ಇನ್ನೊಂದು ಚೀಟಿ ಇದ್ದಂತೆ.

ಈ ಪ್ರವೇಶ ಪರವಾನಿಗೆಯಲ್ಲಿಯೂ ಎರಡು ಬಗೆಗಳುಂಟು. ಒಂದು ಆಳಿನ ಹೆಸರಿಗೆ, ಇನ್ನೊಂದು ಯಂತ್ರದ ಹೆಸರಿಗೆ. ಮೂವರು ಗುಮಾಸ್ತರು ಸರದಿಯ ಮೇಲೆ ಒಂದೇ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಕಡೆಯಲ್ಲಿ ಯಂತ್ರದ ಹೆಸರಿನ ಒಂದೇ ಪರವಾನಿಗೆ ಸಾಕು. ಒಬ್ಬನೇ ಮನುಷ್ಯ ಕಚೇರಿಯ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್, ಕಿಸೆಯ ಮೊಬೈಲ್ ಮೂರರಲ್ಲಿಯೂ ಟಪಾಲು ನೋಡುವವನಾದರೆ ಆಳಿನ ಹೆಸರಿನದೇ ಲಾಭ. ಈ ಸಣ್ಣ ವ್ಯತ್ಯಾಸವನ್ನು ಕೇಳಿ ತಿಳಿಯದೆ ಮೂರರಷ್ಟು ತೆರುವವರಿಗೆ ಕೊರತೆಯಿಲ್ಲ.

ಸಣ್ಣ ಅಂಗಡಿಗಳಿಗೆಂದೇ ಒಂದು ಕಾಲದಲ್ಲಿ ಅಗ್ಗದ ಕಟ್ಟೊಂದು ದೊರೆಯುತ್ತಿತ್ತು. ಸ್ಮಾಲ್ ಬಿಸಿನೆಸ್ ಸರ್ವರ್ ಎಂಬ ಆ ಕಟ್ಟಿನಲ್ಲಿ ಮೂಲ ತಂತ್ರಾಂಶವೂ ಎಕ್ಸ್‌ಚೇಂಜೂ ಒಟ್ಟಿಗೆ ಬರುತ್ತಿದ್ದುವು. 75 ಜನರವರೆಗಿನ ಸಂಸ್ಥೆಗಳಿಗೆ ಅದು ಸಾಲುತ್ತಿತ್ತು. 2012ರಲ್ಲಿ ಅದನ್ನು ಕೈಬಿಡುವುದಾಗಿ ಕಂಪನಿಯು ಸಾರಿತು. 2011ರದೇ ಕೊನೆಯ ಆವೃತ್ತಿಯಾಯಿತು. ಬಳಿಕ 2025ರ ಅಕ್ಟೋಬರ್ 14ರಂದು ಎಕ್ಸ್‌ಚೇಂಜಿನ 2016 ಮತ್ತು 2019ರ ಆವೃತ್ತಿಗಳೆರಡಕ್ಕೂ ಆಸರೆ ನಿಂತುಹೋಯಿತು. ಅದೇ ವರ್ಷ ಜುಲೈ 1ರಂದು ಬಂದ ಹೊಸ ಆವೃತ್ತಿಯ ಹೆಸರಿನಲ್ಲಿಯೇ ಚಂದಾ ಎಂಬ ಶಬ್ದವಿದೆ. ಯಂತ್ರ ಸ್ವಂತದ್ದಾದರೂ ಪರವಾನಿಗೆಯನ್ನು ಕಾಲಕಾಲಕ್ಕೆ ಹಣ ತೆತ್ತು ಜೀವಂತವಾಗಿ ಇಟ್ಟುಕೊಳ್ಳತಕ್ಕದ್ದು. ಒಮ್ಮೆ ಕೊಂಡು ಹತ್ತು ವರ್ಷ ನಿಶ್ಚಿಂತೆಯಿಂದ ಇರುವ ಕಾಲ ಈ ದಾರಿಯಲ್ಲಿ ಮುಗಿದಿದೆ.

ಆಸರೆ ನಿಂತರೆ ಯಂತ್ರವೇನೂ ಮರುದಿನವೇ ನಿಲ್ಲುವುದಿಲ್ಲ, ಅಪಾಯವಿರುವುದು ಅಲ್ಲಿಯೇ. 2021ರ ಮಾರ್ಚಿನಲ್ಲಿ ಎಕ್ಸ್‌ಚೇಂಜಿನ ಕೆಲವು ದೋಷಗಳ ಮೂಲಕ ಕಳ್ಳರು ನುಗ್ಗಿದಾಗ ಜಗತ್ತಿನಾದ್ಯಂತ ಹತ್ತಾರು ಸಾವಿರ ಸಂಸ್ಥೆಗಳ ಟಪಾಲು ಪೆಟ್ಟಿಗೆಗಳು ತೆರೆದುಬಿದ್ದುವು. ಅವುಗಳಲ್ಲಿ ಸಣ್ಣ ಸಂಸ್ಥೆಗಳೇ ಬಹಳ. ದೋಷಕ್ಕೆ ತೇಪೆ ಹಾಕುವ ದರ್ಜಿಯೇ ಅಂಗಡಿ ಮುಚ್ಚಿಕೊಂಡು ಹೋದ ಮೇಲೆ ಹರಕು ಅಂಗಿಯನ್ನು ತೊಟ್ಟು ಚಳಿಗೆ ಎದೆಯೊಡ್ಡುವುದು ಜಾಣತನವಲ್ಲ.

ಎರಡನೆಯ ದಾರಿ: ತಿಂಗಳ ಬಾಡಿಗೆ

ಎರಡನೆಯದು ಬಾಡಿಗೆಯ ದಾರಿ. ಯಂತ್ರ, ಕರೆಂಟು, ಕಾವಲು ಎಲ್ಲವೂ ಕಂಪನಿಯದು. ತಲೆಗೆ ತಿಂಗಳಿಗಿಷ್ಟೆಂದು ಕೊಟ್ಟರೆ ಸಾಕು. ಗೂಗಲ್, ಮೈಕ್ರೋಸಾಫ್ಟ್, ಚೆನ್ನೈಯ ಜೋಹೊ ಮುಂತಾದ ಕಂಪನಿಗಳು ಇದನ್ನು ನಡೆಸುತ್ತವೆ. ಸಣ್ಣ ಅಂಗಡಿಗೆ ಇದೇ ಹೆಚ್ಚು ಒಗ್ಗುವುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬಾಡಿಗೆಯ ಮನೆಗೆ ತನ್ನದೇ ಆದ ಸ್ವಭಾವವುಂಟು.

ಗೂಗಲ್ ಕಂಪನಿ 2006ರ ಆಗಸ್ಟಿನಲ್ಲಿ ಸಂಸ್ಥೆಗಳ ಸ್ವಂತ ಹೆಸರಿನ ಇ-ಮೇಲನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿತು. ಮರುವರ್ಷ ಹೆಚ್ಚಿನ ಸೌಕರ್ಯದ ಆವೃತ್ತಿಗೆ ತಲೆಗೆ ವರ್ಷಕ್ಕೆ 50 ಡಾಲರ್ ಎಂದು ದರ ಕಟ್ಟಿತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಪುಕ್ಕಟೆಯ ಬಾಗಿಲು ಮುಚ್ಚಿತು. 2022ರ ಜನವರಿಯಲ್ಲಿ ಹಳಬರೂ ಇನ್ನು ಹಣ ಕೊಡಬೇಕೆಂಬ ಸಾರಣೆ ಬಂದಿತು; ಕೂಗೆದ್ದ ಬಳಿಕ ಮನೆಯ ಬಳಕೆಯವರಿಗೆ ವಿನಾಯಿತಿ ದೊರೆಯಿತು, ವ್ಯಾಪಾರಿಗಳಿಗೆ ದೊರೆಯಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಮೈಕ್ರೋಸಾಫ್ಟಿನ ಸಣ್ಣ ವ್ಯಾಪಾರದ ಮೂಲ ಕಟ್ಟು ಅಮೆರಿಕದ ದರದಲ್ಲಿ ತಲೆಗೆ ತಿಂಗಳಿಗೆ 5 ಡಾಲರ್ ಇದ್ದುದು 6 ಆಯಿತು. ಒಂದು ಡಾಲರ್ ಎಂದರೆ ಏನು ಮಹಾ ಎನಿಸಬಹುದು. ಶೇಕಡಾ ಲೆಕ್ಕದಲ್ಲಿ ಅದು ಇಪ್ಪತ್ತು. ತಲೆಗಂದಾಯದಲ್ಲಿ ಪ್ರತಿಯೊಂದು ಏರಿಕೆಯೂ ತಲೆಗಳಿಂದಲೂ ತಿಂಗಳುಗಳಿಂದಲೂ ಗುಣಿಸಿಕೊಂಡೇ ಮನೆಗೆ ಬರುತ್ತದೆ.

ಎಣಿಸುವ ರೀತಿ ಬದಲಾದರೆ ಎಂಥ ಅನಾಹುತವಾಗಬಹುದೆಂಬುದಕ್ಕೆ ಜಿನೀವಾದ ಸೆರ್ನ್ ವಿಜ್ಞಾನ ಸಂಸ್ಥೆಯೇ ಸಾಕ್ಷಿ. ಬಹುಕಾಲ ವಿದ್ಯಾಸಂಸ್ಥೆಯ ರಿಯಾಯಿತಿಯಲ್ಲಿದ್ದ ಅದಕ್ಕೆ ಆ ಸ್ಥಾನ ತಪ್ಪಿ, ತಲೆಯೆಣಿಕೆಯ ಹೊಸ ಕರಾರು ಬಂದಾಗ ಪರವಾನಿಗೆಯ ಖರ್ಚು ಹತ್ತು ಪಟ್ಟಿಗಿಂತಲೂ ಹೆಚ್ಚಾಗುವುದೆಂದು 2019ರಲ್ಲಿ ಸಂಸ್ಥೆಯೇ ತಿಳಿಸಿತು. ಪರಮಾಣುವಿನ ಒಳಗನ್ನು ಅಳೆಯುವವರೂ ಬಿಲ್ಲಿನ ಮುಂದೆ ಬೆರಗಾದರೆಂದ ಮೇಲೆ ಮೆಣಸಿನಕಾಯಿಯ ವರ್ತಕ ಹೆದರಿದರೆ ತಪ್ಪೇನು?

ಹದಿನೈದು ನಿಮಿಷದ ಲೆಕ್ಕ

ಹೆದರುವುದಕ್ಕಿಂತ ಎಣಿಸುವುದು ಲೇಸು. ಸಂಶಿಯ ಕಲ್ಪಿತ ಅಂಗಡಿಗೇ ಮರಳಿದರೆ, ತಲೆಗೆ ತಿಂಗಳಿಗೆ 150 ರೂಪಾಯಿ ಬಾಡಿಗೆಯೆಂದು ಹಿಡಿಯಬಹುದು. ಇದು ಯಾವ ಕಂಪನಿಯ ದರವೂ ಅಲ್ಲ. ಲೆಕ್ಕದ ಹದ ತಿಳಿಯಲೆಂದು ಹಿಡಿದ ಅಂಕಿ. ಇಪ್ಪತ್ತು ತಲೆಗೆ ತಿಂಗಳಿಗೆ 3,000, ವರ್ಷಕ್ಕೆ 36,000, ಐದು ವರ್ಷಕ್ಕೆ 1,80,000 ರೂಪಾಯಿ. ಇದರ ಮೇಲೆ ಶೇಕಡಾ 18ರಂತೆ ಜಿ.ಎಸ್.ಟಿ. ಬೀಳುತ್ತದೆ, ನೋಂದಾಯಿತ ವರ್ತಕನು ಸಾಮಾನ್ಯವಾಗಿ ಅದನ್ನು ತನ್ನ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು. ದರ ಡಾಲರಿನಲ್ಲಿದ್ದರೆ ರೂಪಾಯಿ ಇಳಿದಾಗಲೆಲ್ಲ ಬಾಡಿಗೆ ಏರುವುದೆಂಬುದನ್ನೂ ನೆನಪಿಡಬೇಕು.

ಈಗ ದಿವಾನಜಿ ಒಂದು ಪ್ರಶ್ನೆ ಹಾಕಬೇಕು: ಇಪ್ಪತ್ತು ಜನರಲ್ಲಿ ನಿಜವಾಗಿ ಪತ್ರ ಬರೆಯುವವರು ಎಷ್ಟು? ಎಂಟು ಜನರೆಂದಾದರೆ ಉಳಿದ ಹನ್ನೆರಡು ಜನರಿಗೆ ತಲೆಗೊಂದು ಪೆಟ್ಟಿಗೆ ಯಾತಕ್ಕೆ? ಗೋದಾಮಿಗೆಲ್ಲ ಸೇರಿ ಒಂದು ವಿಳಾಸ, ಲೆಕ್ಕಪತ್ರಕ್ಕೆ ಒಂದು ವಿಳಾಸ ಸಾಕು. ಇಂಥ ಕೂಡುಪೆಟ್ಟಿಗೆಗಳಿಗೂ ಗುಂಪಿನ ವಿಳಾಸಗಳಿಗೂ ಹಲವು ಕಂಪನಿಗಳು ಬೇರೆ ತಲೆಯನ್ನು ಎಣಿಸುವುದಿಲ್ಲ. ಮೈಕ್ರೋಸಾಫ್ಟಿನ ಬಾಡಿಗೆಯ ವ್ಯವಸ್ಥೆಯಲ್ಲಿ ಪರವಾನಿಗೆಯುಳ್ಳವರು ತೆರೆದು ನೋಡುವ ಕೂಡುಪೆಟ್ಟಿಗೆಗೆ 50 ಗಿಗಾಬೈಟ್‌ವರೆಗೆ ಪ್ರತ್ಯೇಕ ಪರವಾನಿಗೆ ಬೇಡ. ಎಂಟು ತಲೆಗೆ ವರ್ಷಕ್ಕೆ 14,400, ಐದು ವರ್ಷಕ್ಕೆ 72,000. ಯಾವ ಕಂಪನಿಯೊಡನೆಯೂ ಚೌಕಾಸಿ ಮಾಡದೆ 1,08,000 ರೂಪಾಯಿ ಉಳಿಯಿತು.

ಎರಡನೆಯ ಪ್ರಶ್ನೆ ಸುಗ್ಗಿಯದು. ಮೆಣಸಿನಕಾಯಿಯ ವ್ಯಾಪಾರ ಜನವರಿಯಿಂದ ಏಪ್ರಿಲಿನವರೆಗೆ ಭರಾಟೆಯಿಂದ ನಡೆಯುತ್ತದೆ. ಆಗ ಐದು ಜನ ಹೆಚ್ಚಿನ ಗುಮಾಸ್ತರು ಬರುತ್ತಾರೆ. ವರ್ಷದ ಕರಾರಿನಲ್ಲಿ ದರ ಕಡಿಮೆ, ಆದರೆ ನಡುವೆ ತಲೆಗಳನ್ನು ಇಳಿಸಗೊಡುವುದಿಲ್ಲ. ತಿಂಗಳ ಕರಾರಿನಲ್ಲಿ ದರ ತುಸು ಹೆಚ್ಚು; ಮೈಕ್ರೋಸಾಫ್ಟ್ 2022ರಲ್ಲಿ ತಂದ ಪದ್ಧತಿಯಂತೆ ಶೇಕಡಾ 20ರಷ್ಟು. ಐದು ಜನರಿಗೆ ವರ್ಷದ ಕರಾರು ಮಾಡಿದರೆ 9,000 ರೂಪಾಯಿ. ತಿಂಗಳಿಗೆ 180ರಂತೆ ನಾಲ್ಕೇ ತಿಂಗಳು ಇಟ್ಟುಕೊಂಡರೆ 3,600. ಹೆಚ್ಚು ದರದ್ದೇ ಇಲ್ಲಿ ಅಗ್ಗವಾಯಿತು. ಕಾಯಂ ಆಳುಗಳಿಗೆ ವರ್ಷದ ಕರಾರು, ಸುಗ್ಗಿಯ ಆಳುಗಳಿಗೆ ತಿಂಗಳ ಕರಾರು ಎಂಬುದು ಹೊಲದಲ್ಲಿ ಎಂದಿನಿಂದಲೂ ನಡೆದು ಬಂದ ರೂಢಿಯೇ ಅಲ್ಲವೇ?

ಮೂರನೆಯ ದಾರಿ: ಪುಕ್ಕಟೆಯ ಕುದುರೆ

ಮೂರನೆಯ ದಾರಿಯಲ್ಲಿ ಪರವಾನಿಗೆಯ ಹಣ ಸೊನ್ನೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೂಡಿದ ಮುಕ್ತ ತಂತ್ರಾಂಶದ ಚಳವಳಿ ಇಂದು ಮಹಾವೃಕ್ಷವಾಗಿ ಬೆಳೆದಿದೆ. ಟಪಾಲನ್ನು ಸಾಗಿಸಲು ವೀಟ್ಸೆ ವೆನೆಮಾ ರಚಿಸಿ 1998ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್, ಪೆಟ್ಟಿಗೆಗಳನ್ನು ಕಾಯಲು ಟಿಮೊ ಸಿರೈನೆನ್ 2002ರಲ್ಲಿ ಹೊರತಂದ ಡವ್‌ಕಾಟ್, ಓದಲು ರೌಂಡ್‌ಕ್ಯೂಬ್. ಇವುಗಳನ್ನು ಇಪ್ಪತ್ತು ಜನರಿಗೆ ಬಳಸಿದರೂ ಎರಡು ಸಾವಿರ ಜನರಿಗೆ ಬಳಸಿದರೂ ತಲೆಗಂದಾಯ ಕೇಳುವವರಿಲ್ಲ.

ಕೇಳುವುದಕ್ಕೆ ಇಂಪಾಗಿದೆ. ಆದರೆ ಕುದುರೆ ಪುಕ್ಕಟೆ ಬಂದರೂ ಹುಲ್ಲು ಪುಕ್ಕಟೆ ಬರದು. ಯಂತ್ರವನ್ನು ಎಲ್ಲಿಯಾದರೂ ಇಡಬೇಕು. ಕರೆಂಟು ಹೋದಾಗಲೂ ಅದು ನಡೆಯಬೇಕು. ದಿನದಿನವೂ ನಕಲು ತೆಗೆದಿಡಬೇಕು. ಕಸದ ಪತ್ರಗಳನ್ನು ಸೋಸಬೇಕು. ಎಲ್ಲಕ್ಕೂ ಮಿಗಿಲಾಗಿ, ಹೊರಗಿನವರು ಆ ಯಂತ್ರವನ್ನು ನಂಬಬೇಕು. ಪತ್ರ ನಿಜವಾಗಿ ಆ ಅಂಗಡಿಯದೇ ಎಂದು ಸಾರುವ ಎಸ್.ಪಿ.ಎಫ್., ಡಿಕಿಮ್, ಡಿಮಾರ್ಕ್ ಎಂಬ ಮೂರು ಮುದ್ರೆಗಳುಂಟು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾದುವು. ಮುದ್ರೆಯಿಲ್ಲದ ಪತ್ರ ಕಸದ ಬುಟ್ಟಿಗೆ ಬೀಳಬಹುದು, ತಿರುಗಿಯೂ ಬರಬಹುದು. ಗಿರಾಕಿಗೆ ಕಳುಹಿಸಿದ ಭಾವದ ಪತ್ರ ಮೂರು ದಿನ ಕಸದಲ್ಲಿ ಮಲಗಿದರೆ ಆದ ನಷ್ಟವನ್ನು ಯಾವ ಕೀರ್ದಿಯಲ್ಲಿ ಬರೆಯಬೇಕು?

ಆದುದರಿಂದ ಇಲ್ಲಿಯೂ ಲೆಕ್ಕವೇ ಗತಿ. ಬಾಡಿಗೆಯ ಯಂತ್ರಕ್ಕೆ ತಿಂಗಳಿಗೆ 1,500, ನೋಡಿಕೊಳ್ಳುವ ಬಲ್ಲವನಿಗೆ 3,000 ಎಂದು ಹಿಡಿದರೆ ವರ್ಷಕ್ಕೆ 54,000 ರೂಪಾಯಿ. ಇಪ್ಪತ್ತು ತಲೆಯ ಬಾಡಿಗೆ 36,000ವೇ ಆದುದರಿಂದ ಈ ಪುಕ್ಕಟೆ ದುಬಾರಿ. ಮೂವತ್ತು ತಲೆಗೆ ಎರಡೂ ಸರಿಸಮ. ನೂರು ತಲೆಯಾದರೆ ಬಾಡಿಗೆ 1,80,000ಕ್ಕೆ ಏರುತ್ತದೆ. ಮುಕ್ತ ತಂತ್ರಾಂಶದ ಖರ್ಚು ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ತಲೆಗಂದಾಯ ಸಣ್ಣವನಿಗೆ ಹಗುರ, ಬೆಳೆದವನಿಗೆ ಭಾರ. ಸ್ವಂತ ವ್ಯವಸ್ಥೆ ಸಣ್ಣವನಿಗೆ ಭಾರ, ಬೆಳೆದವನಿಗೆ ಹಗುರ. ಊರೂರಿಗೂ ದರಗಳು ಬೇರೆಯಾದೀತು. ಈ ಸೂತ್ರ ಮಾತ್ರ ಬದಲಾಗದು.

ಜರ್ಮನಿಯ ಷ್ಲೇಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಈ ಸೂತ್ರದ ದೊಡ್ಡ ನಿದರ್ಶನ. ಅಲ್ಲಿಯ ಸರ್ಕಾರ ಎಕ್ಸ್‌ಚೇಂಜನ್ನು ಬಿಟ್ಟು ಮುಕ್ತ ತಂತ್ರಾಂಶಕ್ಕೆ ತೆರಳಿ, 40,000ಕ್ಕೂ ಮಿಕ್ಕ ಪೆಟ್ಟಿಗೆಗಳನ್ನೂ ಹತ್ತು ಕೋಟಿಗೂ ಮಿಕ್ಕ ಪತ್ರ ಮತ್ತು ದಿನಚರಿಯ ದಾಖಲೆಗಳನ್ನೂ ಸಾಗಿಸಿ, 2025ರ ಅಕ್ಟೋಬರಿನಲ್ಲಿ ಆ ಕೆಲಸವನ್ನು ಮುಗಿಸಿತು. ಅಷ್ಟು ತಲೆಗಳಿದ್ದುದರಿಂದ ಬಲ್ಲವರ ಪಡೆಯನ್ನೇ ಸಾಕುವುದು ಅದಕ್ಕೆ ಸಾಧ್ಯವಾಯಿತು. ಸಣ್ಣವನು ಅದರ ಧೈರ್ಯವನ್ನು ಮೆಚ್ಚಬಹುದು. ಅದರ ಬಿಲ್ಲನ್ನು ನಕಲು ಮಾಡಲಾಗದು.

ಪುಕ್ಕಟೆಯ ದಾರಿಯೂ ತಿರುವಿಲ್ಲದ ದಾರಿಯಲ್ಲ. ಹಲವು ಸಣ್ಣ ಸಂಸ್ಥೆಗಳು ನೆಚ್ಚಿದ್ದ ಜಿಂಬ್ರಾ ಎಂಬ ಕಟ್ಟು 2020ರ ಒಂಬತ್ತನೆಯ ಆವೃತ್ತಿಯಿಂದ ಸಿದ್ಧರೂಪದಲ್ಲಿ ಪುಕ್ಕಟೆ ಬರುವುದು ನಿಂತಿತು. ಅದರ ಮೂಲ ಬರಹ ಮಾತ್ರ ದೊರೆಯುವಂತಾಯಿತು. ಅಡಿಗೆ ಬೇಕೆಂದವನ ಕೈಗೆ ಅಕ್ಕಿಬೇಳೆ ಕೊಟ್ಟಂತೆ.

ವಿಳಾಸವೇ ಆಸ್ತಿ

ಮೂರು ದಾರಿಗಳನ್ನೂ ತೂಗಿದ ಮೇಲೆ ಒಂದು ಸಂಗತಿ ಉಳಿಯುತ್ತದೆ. ಅದನ್ನು ಯಾವ ಅಂದಾಜು ಪತ್ರದಲ್ಲಿಯೂ ಬರೆದಿರುವುದಿಲ್ಲ: ಇಂದು ಹಿಡಿದ ದಾರಿಯನ್ನು ನಾಳೆ ಬಿಡಬೇಕಾದರೆ ಎಷ್ಟು ಖರ್ಚು?

2022ರ ಡಿಸೆಂಬರ್ 2ರಂದು ಅಮೆರಿಕದ ರ‍್ಯಾಕ್‌ಸ್ಪೇಸ್ ಕಂಪನಿಯ ಬಾಡಿಗೆ ಎಕ್ಸ್‌ಚೇಂಜ್ ಸುಲಿಗೆಕೋರರ ದಾಳಿಯಿಂದ ನಿಂತುಹೋಯಿತು. ಅದರ ಗಿರಾಕಿಗಳಲ್ಲಿ ಸಣ್ಣ ವ್ಯಾಪಾರಿಗಳೇ ಬಹಳ. ಕಂಪನಿಯು ಆ ಸೇವೆಯನ್ನು ಮತ್ತೆ ಕಟ್ಟಲಿಲ್ಲ. ಎಲ್ಲರೂ ಬೇರೆ ಕಡೆಗೆ ಗುಳೆ ಹೊರಡಬೇಕಾಯಿತು. ಹಳೆಯ ಪತ್ರಗಳ ನಕಲನ್ನು ಬೇರೆಡೆಯಲ್ಲಿ ಇಟ್ಟುಕೊಂಡವರು ಅಂದು ನಿಟ್ಟುಸಿರಿಟ್ಟರು. ಇಟ್ಟುಕೊಳ್ಳದವರು ಕಾಯುತ್ತ ಕುಳಿತರು. ನಮ್ಮ ದೇಶದ ಜಿ.ಎಸ್.ಟಿ. ಕಾನೂನು ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳವರೆಗೆ ಕಾಯ್ದಿಡಬೇಕೆನ್ನುತ್ತದೆ. ಬಿಲ್ಲುಗಳು ಇ-ಮೇಲಿನಲ್ಲಿಯೇ ಬಂದು ಅಲ್ಲಿಯೇ ಉಳಿಯುವ ಕಾಲದಲ್ಲಿ, ಪೆಟ್ಟಿಗೆಯ ಬೀಗದ ಕೈ ಪರರಲ್ಲಿದ್ದರೆ ವರ್ತಕನ ಗತಿಯೇನು?

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಕೇಂದ್ರ ಸರ್ಕಾರವೇ ತೋರಿಸಿದೆ. ಅದರ ಸುಮಾರು 12 ಲಕ್ಷ ನೌಕರರ ಇ-ಮೇಲ್ ಜೋಹೊ ಕಂಪನಿಯ ವ್ಯವಸ್ಥೆಗೆ ಬದಲಾಯಿತೆಂಬ ಸುದ್ದಿ 2025ರ ಅಕ್ಟೋಬರಿನಲ್ಲಿ ಎಲ್ಲೆಡೆ ಹರಡಿತು. 1996ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2009ರಲ್ಲಿ ಜೋಹೊ ಎಂದಾದ ಈ ಕಂಪನಿ, ತಮಿಳುನಾಡಿನ ತೆಂಕಾಶಿಯ ಸೀಮೆಯ ಹಳ್ಳಿಯಲ್ಲಿಯೂ ಕಚೇರಿಯಿಟ್ಟು ಹೆಸರಾದುದು. ಆದರೆ ಗಮನಿಸತಕ್ಕ ಸಂಗತಿ ಬೇರೆ. ಪೆಟ್ಟಿಗೆ ಬದಲಾಯಿತು, ವಿಳಾಸ ಬದಲಾಗಲಿಲ್ಲ. ಹೆಸರಿನ ಕೊನೆಯಲ್ಲಿದ್ದ ಸರ್ಕಾರದ ಸ್ವಂತ ಡೊಮೇನ್ ಹಾಗೆಯೇ ಉಳಿಯಿತು. ಪತ್ರ ಬರೆಯುವ ಪ್ರಜೆಗೆ ಏನೂ ತಿಳಿಯದಂತೆ ಒಳಗಿನ ಗಾಡಿ ಬದಲಾಯಿತು.

ಸಂಶಿಯ ಅಂಗಡಿಗೂ ಇದೇ ಮಾರ್ಗ. ಅಂಗಡಿಯ ಹೆಸರಿನ ಡೊಮೇನ್ ಒಡೆಯನ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ವೆಬ್‌ಸೈಟ್ ಮಾಡಿಕೊಟ್ಟವನ ಹೆಸರಿನಲ್ಲಿ ಇರಕೂಡದು. ವರ್ಷಕ್ಕೆ ಅದಕ್ಕೆ ತಗಲುವ ಹಣ ಅಲ್ಪ, ಆದರೆ ಅದೇ ನಿಜವಾದ ಆಸ್ತಿ, ಹೊಲದ ಉತಾರವಿದ್ದಂತೆ. ಅದು ಕೈಯಲ್ಲಿದ್ದರೆ ಟಪಾಲು ಯಾರ ಪೆಟ್ಟಿಗೆಗೆ ಬೀಳಬೇಕೆಂದು ಸಾರುವ ಒಂದು ಸಾಲನ್ನು ತಿದ್ದಿದರಾಯಿತು, ಪತ್ರಗಳು ಹೊಸ ಮನೆಗೆ ನಡೆದು ಬರುತ್ತವೆ. ಕಂಪನಿಯ ಹೆಸರೇ ಬಾಲವಾಗಿರುವ ಪುಕ್ಕಟೆ ವಿಳಾಸವನ್ನು ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಚೀಲದ ಮೇಲೆ ಬರೆಯಿಸಿದವನಿಗೆ ಈ ಸ್ವಾತಂತ್ರ್ಯವಿಲ್ಲ.

ಬದಲಿಸುವ ಕ್ರಮವೂ ಮನೆ ಬದಲಿಸುವ ಕ್ರಮದಂತೆಯೇ. ಮೊದಲು ಹೊಸ ಕಡೆಯಲ್ಲಿ ಪೆಟ್ಟಿಗೆಗಳನ್ನು ಸಿದ್ಧಪಡಿಸಬೇಕು. ಹಳೆಯ ಪತ್ರಗಳನ್ನು ನಕಲು ಮಾಡಬೇಕು. ಸುಗ್ಗಿಯಿಲ್ಲದ ತಿಂಗಳಿನ, ರಜೆಯ ಹಿಂದಿನ ಸಂಜೆಯಲ್ಲಿ ಆ ಸಾಲನ್ನು ತಿದ್ದಬೇಕು. ಹಳೆಯ ಮನೆಯನ್ನು ಒಂದು ತಿಂಗಳಾದರೂ ಬಿಡದೆ ಇಟ್ಟುಕೊಂಡು, ದಾರಿ ತಪ್ಪಿ ಅಲ್ಲಿಗೆ ಬಂದ ಪತ್ರಗಳನ್ನು ಆರಿಸಿಕೊಳ್ಳಬೇಕು. ಆ ಒಂದು ತಿಂಗಳ ಇಮ್ಮಡಿ ಬಾಡಿಗೆ, ಕೆಲಸಗಾರನ ಕೂಲಿ, ಗುಮಾಸ್ತರು ಹೊಸ ಪರದೆಗೆ ಒಗ್ಗುವವರೆಗಿನ ಗೊಂದಲ ಎಲ್ಲವೂ ಬದಲಾವಣೆಯ ಬೆಲೆಯೇ. ಎರಡು ಕಂಪನಿಗಳ ದರದಲ್ಲಿ ತಲೆಗೆ ಹತ್ತು ರೂಪಾಯಿಯ ಅಂತರವಿದ್ದರೆ ಎಂಟು ತಲೆಗೆ ವರ್ಷಕ್ಕೆ ಉಳಿಯುವುದು 960 ರೂಪಾಯಿ. ಅಷ್ಟಕ್ಕಾಗಿ ಮನೆ ಬಿಡುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಆಸರೆ ತಪ್ಪಿದ ಹಳೆಯ ಯಂತ್ರವನ್ನು ಬಿಡುವುದಾದರೆ ಮಾತ್ರ ಆ ಬೆಲೆ ತೆತ್ತರೂ ನಷ್ಟವಿಲ್ಲ.

ಅಂಗಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ದಿವಾನಜಿ ಅಂದಾಜು ಪತ್ರವನ್ನು ತಿರುವಿಹಾಕಿ, ಅದರ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆಯತೊಡಗುತ್ತಾನೆ: ಬರೆಯುವ ತಲೆ ಎಂಟು, ಸುಗ್ಗಿಯ ತಲೆ ಐದು, ಕೂಡುಪೆಟ್ಟಿಗೆ ಎರಡು, ಹಳೆಯ ಪತ್ರಗಳ ನಕಲು ಸಾವುಕಾರರ ಕಪಾಟಿನಲ್ಲಿ, ಡೊಮೇನ್ ಸಾವುಕಾರರ ಹೆಸರಿನಲ್ಲಿ. ಸಾವುಕಾರರು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ.

“ಇದಕ್ಕ ಎಷ್ಟೋ?”

“ಎಲ್ಲಾಕ್ಕಿಂತ ಕಡಿಮೀರಿ ಇದಕ್ಕ.”

“ಹಂಗಾರ ಮೊದಲ ಅದನ್ನ ಮಾಡು.”